ಒತ್ತೆಯೋ, ಕ್ರಯವೋ?

ಊರಿಂದ ಯಾರೇ ಚೆನ್ನೈಗೆ ಬರಲಿ, ನಾವು ಇಲ್ಲಿಂದ ಊರಿಗೆ ಹೋಗಲಿ, ಕೇಳುವ ಪ್ರಶ್ನೆ ಎರಡೇ. ಸೆಕೆ ಹೇಗಿದೆ? ನೀರಿಗೇನು ಮಾಡ್ತೀರಿ? ಸೆಕೆಗೆ ಉತ್ತರ ಬೇಕಿಲ್ಲ, ತೊಟ್ಟ ಅಂಗಿಯೇ ಹೇಳುತ್ತದೆ. ನೀರಿನ ಪ್ರಶ್ನೆಗೆ ಮಾತ್ರ ನಾನು ಸ್ವಲ್ಪ ತಡೆದು ಉತ್ತರ ಕೊಡುತ್ತೇನೆ. ಯಾಕೆಂದರೆ ಚೆನ್ನೈನಲ್ಲಿರುವ ಕನ್ನಡಿಗ ಕುಡಿಯುವ ನೀರಿನಲ್ಲಿ ಊರಿನ ಪಾಲೂ ಇದೆ. ಈ ನಗರಕ್ಕೆ ಕುಡಿಯುವ ನೀರು ಕೊಡಲೆಂದು ಕರ್ನಾಟಕ, ಮಹಾರಾಷ್ಟ್ರ, ಆಂಧ್ರ ಮೂರೂ ರಾಜ್ಯಗಳು ಕೃಷ್ಣೆಯ ತಮ್ಮ ಪಾಲಿನಲ್ಲಿ ತಲಾ 5 ಟಿಎಂಸಿ ಬಿಟ್ಟುಕೊಡಲು ಒಪ್ಪಿದ್ದವು. ಆ ನೀರು ಇಲ್ಲಿಗೆ ಮೊದಲು ಬಂದದ್ದು 1996ರಲ್ಲಿ. 2004ರಿಂದ ವೀರಾಣಂ ಕೆರೆಯ ಮೂಲಕ ಕಾವೇರಿಯೂ ಕೊಳವೆಯಲ್ಲಿ ಬರುತ್ತಿದ್ದಾಳೆ. ಹಾಗಾಗಿ ಬೆಳಿಗ್ಗೆ ಕಾಫಿಗೆ ನೀರಿಡುವಾಗ ನಾನು ಪೂರ್ತಿ ಪರದೇಶಿಯೇನಲ್ಲ.

ಇದಕ್ಕಿಂತ ಹತ್ತಿರದ ನಂಟು ಇನ್ನೊಂದು ನದಿಯದು. ನಾನು ಹುಟ್ಟಿದ್ದು ಬೇತಮಂಗಲದ ಹತ್ತಿರ, ಕೋಲಾರ ಜಿಲ್ಲೆಯಲ್ಲಿ. ಬೇತಮಂಗಲದ ಕೆರೆ ಚಿನ್ನದ ಗಣಿಯ ಊರಿಗೆ ನೀರು ಕೊಟ್ಟ ಕೆರೆ. ಆ ಕೆರೆಯ ನದಿ ಪಾಲಾರ್, ಅಂದರೆ ಹಾಲಿನ ಹೊಳೆ. ನಂದಿಬೆಟ್ಟದ ಸಾಲಿನಲ್ಲಿ ಹುಟ್ಟಿ, ನಮ್ಮ ಜಿಲ್ಲೆಯನ್ನು ಹಾದು, ಆಂಧ್ರದ ಒಂದು ತುಣುಕು ದಾಟಿ, ವಾಣಿಯಂಬಾಡಿ, ಆಂಬೂರು, ವೆಲ್ಲೂರು ಕಡೆಯಿಂದ ಹರಿದು ಚೆನ್ನೈನ ದಕ್ಷಿಣಕ್ಕೆ ಸಮುದ್ರ ಸೇರುತ್ತದೆ. ಸೇರುತ್ತದೆ ಅನ್ನುವುದು ಭೂಗೋಳದ ಪುಸ್ತಕದ ಮಾತು. ವರ್ಷದ ಬಹುಪಾಲು ಅದು ಮರಳಿನ ಹಾದಿ, ಅಷ್ಟೆ. ನನ್ನ ಬ್ಯಾಂಕಿನ ವರ್ಗಾವಣೆಗಳೂ ವಿಚಿತ್ರವಾಗಿ ಅದೇ ಹಾದಿ ಹಿಡಿದವು. ಕೋಲಾರದಿಂದ ಪಾಲಾರ್ ಕಣಿವೆ, ಪಾಲಾರ್ ಕಣಿವೆಯಿಂದ ಚೆನ್ನೈ. ನದಿಯ ಜೊತೆಗೇ ಕೆಳಗಿಳಿದು ಬಂದವನು ನಾನು ಅಂತ ಕೆಲವೊಮ್ಮೆ ಅನ್ನಿಸುತ್ತದೆ.

ಈಗ ನಾನು ಬರೆಯಬೇಕೆಂದಿರುವ ಪ್ರಶ್ನೆ ಈ ನದಿಯದ್ದೇ. ಒಂದು ನದಿಗೆ ಬೆಲೆ ಕಟ್ಟಬಹುದೇ? ಕಟ್ಟಬಹುದು ಅಂದರೆ, ಕಟ್ಟುವುದು ಸರಿಯೇ? ಇದನ್ನೇ ಓದು, ಸಂಶೋಧನೆ, ಪಾಠ ಮಾಡಿಕೊಂಡಿರುವ ಜನ ನಮ್ಮ ಊರಲ್ಲೇ ಇದ್ದಾರೆ. ಗಿಂಡಿಯ ಗಾಂಧಿ ಮಂಟಪದ ಪಕ್ಕದ ರಸ್ತೆಯಲ್ಲಿ ಕೊಟ್ಟೂರಿನ ಕಡೆ ಹೋದರೆ ಮದ್ರಾಸ್ ಸ್ಕೂಲ್ ಆಫ್ ಎಕನಾಮಿಕ್ಸ್ ಸಿಗುತ್ತದೆ. ಅರ್ಥಶಾಸ್ತ್ರಜ್ಞ ರಾಜಾ ಚೆಲ್ಲಯ್ಯನವರ ಮುಂದಾಳತ್ವದಲ್ಲಿ 1993ರಲ್ಲಿ ಶುರುವಾದ ಸಂಸ್ಥೆ. ಪರಿಸರ ಅರ್ಥಶಾಸ್ತ್ರ ಅನ್ನುವ ವಿಷಯ ನಮ್ಮ ದೇಶದಲ್ಲಿ ಇನ್ನೂ ಹೊಸದಾಗಿದ್ದಾಗಲೇ ಅದನ್ನು ಇಲ್ಲಿ ಗಟ್ಟಿಯಾಗಿ ಹಿಡಿದವರಲ್ಲಿ ಪ್ರೊಫೆಸರ್ ಯು. ಶಂಕರ್, ಪ್ರೊಫೆಸರ್ ಪಾಲ್ ಅಪ್ಪಸಾಮಿ ಮುಖ್ಯರು. ಶಂಕರ್ ಅವರು ಚರ್ಮ ಹದ ಮಾಡುವ ಕಾರ್ಖಾನೆಗಳನ್ನೂ ಬಟ್ಟೆಗೆ ಬಣ್ಣ ಹಾಕುವ ಘಟಕಗಳನ್ನೂ ಅಧ್ಯಯನ ಮಾಡಿದರು, 2001ರಲ್ಲಿ ಈ ವಿಷಯದ ಪಾಠಗಳ ಸಂಕಲನವೊಂದನ್ನು ಸಂಪಾದಿಸಿದರು. ಅಪ್ಪಸಾಮಿಯವರು ತಿರುಪ್ಪೂರಿನ ನೊಯ್ಯಲ್ ನದಿಯ ನಷ್ಟದ ಲೆಕ್ಕ ಹಾಕಿದರು. ಅಲ್ಲಿಂದ ಸ್ವಲ್ಪ ದೂರದಲ್ಲೇ, ಅಡಯಾರಿನಲ್ಲಿ, 1948ರಲ್ಲಿ ಸ್ಥಾಪನೆಯಾದ ಕೇಂದ್ರೀಯ ಚರ್ಮ ಸಂಶೋಧನಾಲಯವಿದೆ. ಒಂದು ಕಡೆ ಚರ್ಮದ ವಿದ್ಯೆ, ಕೂಗಳತೆಯಲ್ಲೇ ಆ ಚರ್ಮ ತೊಳೆದ ನೀರಿನ ಲೆಕ್ಕ.

ನನಗೆ ಈ ವಿಷಯದ ಬಾಗಿಲು ತೆರೆದದ್ದು ನಮ್ಮ ಅಪಾರ್ಟ್‌ಮೆಂಟಿನ ಒಬ್ಬ ಕನ್ನಡದ ಹುಡುಗಿ. ಆ ಸ್ಕೂಲಿನಲ್ಲಿ ಎಂ.ಎ. ಓದುತ್ತಿದ್ದಳು. 'ಅಂಕಲ್, ನೀವು ಎಂ.ಕಾಂ. ಅಲ್ವಾ, ನೆಟ್ ಪ್ರೆಸೆಂಟ್ ವ್ಯಾಲ್ಯೂ ಹೇಳಿಕೊಡಿ' ಅಂತ ಬಂದಳು. ಮೂವತ್ತೆಂಟು ವರ್ಷ ಬ್ಯಾಂಕಿನಲ್ಲಿ ಅದನ್ನೇ ಅರೆದು ಕುಡಿದವನಿಗೆ ಇದಕ್ಕಿಂತ ಸುಲಭದ ಕೆಲಸ ಯಾವುದು? ಆದರೆ ಪುಸ್ತಕ ತೆರೆದು ನೋಡಿದರೆ ಉದಾಹರಣೆ ಸಕ್ಕರೆ ಕಾರ್ಖಾನೆಯದಲ್ಲ, ಜೌಗುಭೂಮಿಯದು. ಯಂತ್ರಕ್ಕೆ ಸವಕಳಿ ಹಾಕುವ ಹಾಗೆ ಕಾಡಿಗೆ, ಅಂತರ್ಜಲಕ್ಕೆ, ಮೀನಿನ ಸಂತತಿಗೆ ಸವಕಳಿ. ಅವಳಿಗೆ ನಾನು ಲೆಕ್ಕ ಹೇಳಿಕೊಟ್ಟೆ. ಆ ಲೆಕ್ಕದ ಅರ್ಥವನ್ನು ನನಗೆ ಅವಳ ಪುಸ್ತಕಗಳು ಹೇಳಿಕೊಟ್ಟವು.

ನನ್ನ ಮನೆಯಾಕೆಗೆ ಈ ವಿದ್ಯೆ ಸ್ವಲ್ಪವೂ ಹಿಡಿಸಲಿಲ್ಲ. 'ಹೊಳೆಗೆ ಬೆಲೆ ಕಟ್ಟುವುದಾ? ನಾಳೆ ಹೆತ್ತ ತಾಯಿಗೂ ಕಟ್ತೀರಿ' ಅಂದಳು. ಇದನ್ನು ಹೆಂಗಸರ ಭಾವುಕತೆ ಅಂತ ತಳ್ಳಿಹಾಕುವಂತಿಲ್ಲ. ಬಹಳ ಗಟ್ಟಿಯಾದ ಆಕ್ಷೇಪಣೆ ಅದು. ಲೋಕದಲ್ಲಿ ಬೆಲೆ ಇರುವ ವಸ್ತುಗಳಿವೆ, ಬೆಲೆಗೆ ಮೀರಿದ ವಸ್ತುಗಳೂ ಇವೆ. ಬೆಲೆ ಇರುವುದನ್ನು ಅದೇ ಬೆಲೆಯ ಇನ್ನೊಂದರ ಜೊತೆ ಬದಲಿಸಬಹುದು. ನದಿಗೆ ಒಂದು ಮೊತ್ತ ಬರೆದ ತಕ್ಷಣ, ಅಷ್ಟು ಮೊತ್ತ ತಂದವನಿಗೆ ಅದನ್ನು ಬಿಟ್ಟುಕೊಡಬಹುದು ಎಂಬ ಅರ್ಥ ತಾನೇತಾನಾಗಿ ಹುಟ್ಟುತ್ತದೆ. ಚೆಕ್ಕು ಹಿಡಿದವನು ಬಾಗಿಲಿಗೆ ಬಂದೇ ಬರುತ್ತಾನೆ. ಅವನಿಗೆ ಇಲ್ಲ ಅನ್ನಲು ಆಮೇಲೆ ನಮ್ಮ ಬಳಿ ಏನು ಉಳಿದಿರುತ್ತದೆ?

ಈ ಆಕ್ಷೇಪಣೆಗೆ ನನ್ನ ಬಳಿ ಒಂದು ಉತ್ತರವಿದೆ. ಅದು ಬಂದದ್ದು ಪುಸ್ತಕದಿಂದಲ್ಲ, ಪಾಲಾರ್ ಕಣಿವೆಯ ಒಂದು ಬ್ಯಾಂಕ್ ಶಾಖೆಯ ಲೆಡ್ಜರಿನಿಂದ.

1990ರ ದಶಕದ ಮೊದಲಲ್ಲಿ ನಾನು ಆ ಕಡೆ ಇದ್ದೆ. ಕಂಪ್ಯೂಟರ್ ಇನ್ನೂ ಬಂದಿರಲಿಲ್ಲ, ದಪ್ಪ ರಟ್ಟಿನ ಲೆಡ್ಜರುಗಳ ಕಾಲ. ನಮ್ಮ ಶಾಖೆಯಲ್ಲಿ ಎರಡು ಬಗೆಯ ಸಾಲಗಾರರು. ಒಂದು, ಚರ್ಮ ಹದ ಮಾಡುವವರು. ರಫ್ತು ವ್ಯಾಪಾರ, ಡಾಲರಿನ ಬಿಲ್ಲು, ದಿನ ತಪ್ಪದೆ ಕಟ್ಟುವ ಬಡ್ಡಿ. ಇನ್ನೊಂದು, ತೆಂಗು, ಭತ್ತ, ಕಬ್ಬು ಬೆಳೆಯುವ ರೈತರು. ಇವರ ಖಾತೆಗಳು ಒಂದೊಂದಾಗಿ ಕೆಡುತ್ತಿದ್ದವು. ಆಗಷ್ಟೇ ರಿಸರ್ವ್ ಬ್ಯಾಂಕು ವಸೂಲಾಗದ ಸಾಲಗಳನ್ನು ಬೇರೆಯಾಗಿ ವಿಂಗಡಿಸುವ ಹೊಸ ನಿಯಮ ತಂದಿತ್ತು. ಎನ್‌ಪಿಎ ಅನ್ನುವ ಮೂರಕ್ಷರ ಎಲ್ಲರ ಬಾಯಲ್ಲೂ ಇತ್ತು. ರೈತನ ಖಾತೆ ಎನ್‌ಪಿಎ, ಕಾರ್ಖಾನೆಯ ಖಾತೆ ಉತ್ತಮ ಆಸ್ತಿ. ನಿಯಮದ ಪ್ರಕಾರ ಎರಡೂ ಸರಿ.

ತಪಾಸಣೆಗೆ ತೋಟಕ್ಕೆ ಹೋದಾಗ ರೈತ ಬಾವಿಯ ನೀರು ಸೇದಿ ಕೈಗೆ ಹಾಕುತ್ತಿದ್ದ. ನಾಲಿಗೆಗೆ ತಾಗಿಸಿದರೆ ಉಪ್ಪು. ತೆಂಗಿನ ಗರಿ ತುದಿಯಿಂದ ಒಣಗಿದೆ, ಕಾಯಿ ಗಿಡ್ಡವಾಗಿದೆ. ಕಾರಣ ಊರಿಗೆಲ್ಲ ಗೊತ್ತು. ಹಸಿ ತೊಗಲು ಕೊಳೆಯದಿರಲಿ ಅಂತ ಹಾಕುವ ಉಪ್ಪು, ಹದ ಮಾಡುವ ಕ್ರೋಮಿಯಂ, ಸುಣ್ಣ, ಸಲ್ಫೈಡು ಇವೆಲ್ಲ ತೊಳೆದ ನೀರಿನ ಜೊತೆ ಹೊಳೆಗೆ, ಬಯಲಿಗೆ ಹೋಗಿ ನೆಲದೊಳಗೆ ಇಳಿಯುತ್ತವೆ. ಒಂದು ಕಿಲೋ ಚರ್ಮಕ್ಕೆ ಮೂವತ್ತು ನಲವತ್ತು ಲೀಟರು ನೀರು ಬೇಕು. ಕೊಳೆಯುವ ಕಶ್ಮಲವನ್ನು ಸಂಸ್ಕರಣಾ ಘಟಕ ತೆಗೆಯಬಹುದು. ಕರಗಿದ ಉಪ್ಪು ಅಷ್ಟು ಸುಲಭಕ್ಕೆ ಬಿಡುವುದಿಲ್ಲ.

ಈಗ ಲೆಡ್ಜರಿಗೆ ಬನ್ನಿ. ಕಾರ್ಖಾನೆಯ ಲಾಭ ಒಂದು ಪುಟದಲ್ಲಿ, ರೈತನ ನಷ್ಟ ಇನ್ನೊಂದು ಪುಟದಲ್ಲಿ. ಎರಡರ ನಡುವೆ ಇರುವುದು ಒಂದೇ ನೀರು. ಆದರೆ ಆ ಪುಟದಿಂದ ಈ ಪುಟಕ್ಕೆ ಎಳೆಯಬೇಕಾದ ಒಂದು ಗೆರೆ ಯಾವ ಬ್ಯಾಂಕಿನ ಯಾವ ಫಾರಮಿನಲ್ಲೂ ಇರಲಿಲ್ಲ. ಇಂಗ್ಲೆಂಡಿನ ಪಿಗೂ ಎಂಬ ಅರ್ಥಶಾಸ್ತ್ರಜ್ಞ 1920ರಷ್ಟು ಹಿಂದೆಯೇ ಹೇಳಿದ್ದ ಮಾತು ಇದು. ಒಬ್ಬನ ಉತ್ಪಾದನೆಯ ಖರ್ಚು ಇನ್ನೊಬ್ಬನ ತಲೆಯ ಮೇಲೆ ಬಿದ್ದಾಗ ಮಾರುಕಟ್ಟೆಯ ಬೆಲೆ ಸುಳ್ಳು ಹೇಳುತ್ತದೆ. ಆ ಸುಳ್ಳನ್ನು ತೆರಿಗೆ ಹಾಕಿ ಸರಿಪಡಿಸಬೇಕು. ಪಾಲಾರ್ ಕಣಿವೆಯಲ್ಲಿ ನದಿಗೆ ಯಾರೂ ಬೆಲೆ ಕಟ್ಟಿರಲಿಲ್ಲ. ಹಾಗಂತ ಅದು ಅಮೂಲ್ಯವಾಗಿ ಉಳಿಯಿತೇ? ಇಲ್ಲ. ಲೆಕ್ಕದಲ್ಲಿ ಬರೆಯದ ಜಾಗ ಖಾಲಿ ಉಳಿಯುವುದಿಲ್ಲ, ಅಲ್ಲಿ ಸೊನ್ನೆ ಬಂದು ಕೂರುತ್ತದೆ. ಮನೆಯಾಕೆ ಹೇಳಿದ 'ಬೆಲೆಗೆ ಮೀರಿದ್ದು' ಮತ್ತು ಕಾರ್ಖಾನೆಯ ಲೆಕ್ಕದ 'ಬೆಲೆಯೇ ಇಲ್ಲದ್ದು', ಇವೆರಡನ್ನೂ ಕಾಗದದ ಮೇಲೆ ಬರೆದರೆ ಒಂದೇ ಥರ ಕಾಣುತ್ತವೆ.

ಆ ಸೊನ್ನೆಯನ್ನು ಅಳಿಸಿದ್ದು ವೆಲ್ಲೂರಿನ ನಾಗರಿಕರ ಒಂದು ವೇದಿಕೆ. 1991ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಆ ಭಾಗದಲ್ಲಿ ಸುಮಾರು 35,000 ಹೆಕ್ಟೇರು ಬೇಸಾಯದ ನೆಲ ಪೂರ್ತಿಯಾಗಿಯೋ ಅರ್ಧಂಬರ್ಧವೋ ಕೆಟ್ಟಿದೆ ಅನ್ನುವ ಕೃಷಿ ವಿಶ್ವವಿದ್ಯಾಲಯದ ಸಮೀಕ್ಷೆ ಕೋರ್ಟಿನ ಮುಂದೆ ಇತ್ತು. 1996ರ ಆಗಸ್ಟ್ 28ರಂದು ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅವರ ಪೀಠ ತೀರ್ಪು ಕೊಟ್ಟಿತು. ಮಲಿನ ಮಾಡಿದವನೇ ದುಡ್ಡು ತೆರಬೇಕು ಎಂಬ ತತ್ವ ಈ ನೆಲದ ಕಾನೂನಿನ ಭಾಗ ಅಂತ ಸಾರಿದ ತೀರ್ಪು ಅದು. ನಷ್ಟವನ್ನು ಅಳೆಯಲು ಒಂದು ಪ್ರಾಧಿಕಾರ ಬಂತು. 2001ರ ಮಾರ್ಚಿನಲ್ಲಿ ಅದು 29,193 ಸಂತ್ರಸ್ತರನ್ನು ಗುರುತಿಸಿ, 547 ಕಾರ್ಖಾನೆಗಳು ಒಟ್ಟು 26.82 ಕೋಟಿ ರೂಪಾಯಿ ಕೊಡಬೇಕು ಎಂದಿತು.

ಹಳೆಯ ಚಾಳಿ ನೋಡಿ, ಅಂಕಿ ಕಂಡ ಕೂಡಲೇ ಭಾಗಿಸುತ್ತೇನೆ. ತಲೆಗೆ ಸರಾಸರಿ 9,187 ರೂಪಾಯಿ. ಒಂದು ಬಾವಿ ಕೆಟ್ಟಿದ್ದಕ್ಕೆ, ಹತ್ತಾರು ವರ್ಷದ ಫಸಲು ಹೋಗಿದ್ದಕ್ಕೆ, ಮಗ ಬೇಸಾಯ ಬಿಟ್ಟು ಅದೇ ಕಾರ್ಖಾನೆಗೆ ಕೂಲಿಗೆ ಹೋಗಿದ್ದಕ್ಕೆ ಒಂಬತ್ತು ಸಾವಿರ ಚಿಲ್ಲರೆ. ಇದನ್ನು ನೋಡಿ 'ಇದಾ ನಿಮ್ಮ ಅರ್ಥಶಾಸ್ತ್ರ?' ಅಂತ ಕೇಳುವುದು ಸುಲಭ. ಆದರೆ ಇದಕ್ಕೂ ಮುಂಚೆ ಆ ಜಾಗದಲ್ಲಿದ್ದ ಅಂಕಿ ಸೊನ್ನೆ ಅನ್ನುವುದನ್ನು ಮರೆಯಬಾರದು. ಮೊತ್ತ ಸಣ್ಣದು, ಆದರೆ ಅದರ ಹಿಂದೆ ಒಂದು ಒಪ್ಪಿಗೆ ಇದೆ. ನಿನಗೆ ನಷ್ಟವಾಗಿದೆ, ಅದು ದೇವರು ಮಾಡಿದ್ದಲ್ಲ, ನಿನ್ನ ಹಣೆಬರಹವಲ್ಲ, ಇಂಥವರು ಮಾಡಿದ್ದು. ಸಾಲ ತೀರಿಸದ ಅಪ್ರಯೋಜಕ ಅಂತ ಊರಲ್ಲಿ ಹೆಸರು ಕೆಟ್ಟಿದ್ದ ರೈತನಿಗೆ ಈ ಮಾತಿನ ಬೆಲೆ ದುಡ್ಡಿಗಿಂತ ದೊಡ್ಡದು.

ಹಾಗಾದರೆ ಬೆಲೆ ಕಟ್ಟಿದರೆ ಎಲ್ಲ ಸರಿಹೋಯಿತೇ? ಅಲ್ಲೇ ಎರಡನೆಯ ತೊಡಕು. ಇಸ್ರೇಲಿನ ಹೈಫಾ ಊರಿನಲ್ಲಿ ಹತ್ತು ಶಿಶುವಿಹಾರಗಳಲ್ಲಿ ಒಂದು ಪ್ರಯೋಗ ಮಾಡಿದರು. ಅದರ ಫಲ 2000ದಲ್ಲಿ ಪ್ರಕಟವಾಯಿತು. ಸಂಜೆ ಮಗುವನ್ನು ಕರೆದೊಯ್ಯಲು ತಡವಾಗಿ ಬರುವ ತಂದೆತಾಯಿಗೆ ಕೆಲವು ಕಡೆ ದಂಡ ಹಾಕಿದರು. ತಡವಾಗಿ ಬರುವವರು ಕಡಿಮೆಯಾಗಲಿಲ್ಲ, ಹೆಚ್ಚಾದರು! ಮುಂಚೆ ಟೀಚರಿಗೆ ತೊಂದರೆಯಾಯಿತಲ್ಲಾ ಅನ್ನುವ ಸಂಕೋಚ ಇತ್ತು. ಈಗ ದುಡ್ಡು ಕೊಡ್ತೀವಲ್ಲ ಅನ್ನುವ ಧೈರ್ಯ. ದಂಡ ಶುಲ್ಕವಾಗಿಬಿಟ್ಟಿತು. ಆಮೇಲೆ ದಂಡ ತೆಗೆದುಹಾಕಿದರೂ ಹಳೆಯ ಸಂಕೋಚ ಮರಳಿ ಬರಲಿಲ್ಲವಂತೆ.

ತಿರುಪ್ಪೂರಿನಲ್ಲಿ ಹೆಚ್ಚುಕಡಿಮೆ ಇದೇ ಪ್ರಶ್ನೆ ಎದ್ದಿತು. ಬಣ್ಣದ ಘಟಕಗಳ ನೀರು ನೊಯ್ಯಲ್ ಸೇರಿ, ಬೇಸಾಯಕ್ಕೆಂದು ಕಟ್ಟಿದ ಒರತ್ತುಪಾಳಯಂ ಅಣೆಕಟ್ಟು ಬಣ್ಣದ ನೀರಿನ ತೊಟ್ಟಿಯಾಗಿತ್ತು. ರೈತರು ಹೈಕೋರ್ಟಿಗೆ ಹೋದರು. 2006ರಲ್ಲಿ ಹೊರಬಿಡುವ ಪ್ರತಿ ಲೀಟರಿಗೆ ಇಷ್ಟು ಪೈಸೆ ಅಂತ ದಂಡ ಬಿತ್ತು. ಲೀಟರಿಗೆ ಪೈಸೆ ಅಂದರೆ ಅದು ದಂಡವೋ, ಟಿಕೆಟ್ಟೋ? ಕೊನೆಗೆ 2011ರ ಜನವರಿಯಲ್ಲಿ ಹೈಕೋರ್ಟು ಘಟಕಗಳನ್ನೇ ಮುಚ್ಚಿಸಿ, ಒಂದು ಹನಿಯನ್ನೂ ಹೊರಬಿಡದ ಹಾಗೆ ಮಾಡಿಕೊಂಡು ಬನ್ನಿ ಎಂದಿತು. ಪೈಸೆಯ ಭಾಷೆ ಸಾಕಾಗದೆ, ಕೂಡದು ಅನ್ನುವ ಭಾಷೆ ಬಳಸಬೇಕಾಯಿತು.

ಮೂರನೆಯ ತೊಡಕು ನನ್ನ ಸ್ವಂತ ಕಸುಬಿನದು. ನಾಳೆ ಬರುವ ನೂರು ರೂಪಾಯಿಗಿಂತ ಇವತ್ತಿನ ನೂರು ರೂಪಾಯಿ ಹೆಚ್ಚು, ಇದು ಬ್ಯಾಂಕಿನವನ ಗಾಯತ್ರಿ ಮಂತ್ರ. ಭವಿಷ್ಯದ ಮೊತ್ತವನ್ನು ಒಂದು ದರದಲ್ಲಿ ಕಡಿಮೆ ಮಾಡುತ್ತ ಇವತ್ತಿಗೆ ತರುತ್ತೇವೆ. ಹತ್ತು ವರ್ಷದ ಸಾಲಕ್ಕೆ ಇದು ನ್ಯಾಯವಾದ ಲೆಕ್ಕ. ಆದರೆ ಆ ಹುಡುಗಿಯ ಜೊತೆ ಕೂತು ನೂರು ವರ್ಷಕ್ಕೆ ಹಾಕಿ ನೋಡಿದೆ. ನೂರು ವರ್ಷದ ನಂತರ ಒಂದು ಕೋಟಿ ರೂಪಾಯಿ ನಷ್ಟ ಆಗುತ್ತದೆ ಅನ್ನಿ. ಶೇಕಡಾ 10ರ ದರದಲ್ಲಿ ಅದರ ಇವತ್ತಿನ ಬೆಲೆ ಸುಮಾರು 726 ರೂಪಾಯಿ. ಅಂದರೆ ನಮ್ಮ ಮರಿಮಕ್ಕಳ ಒಂದು ಕೋಟಿಯ ಕೆರೆಯನ್ನು ಉಳಿಸಲು ಇವತ್ತು ಸಾವಿರ ರೂಪಾಯಿ ಖರ್ಚು ಮಾಡುವುದೂ ದಂಡ ಅಂತ ಈ ಲೆಕ್ಕ ಹೇಳುತ್ತದೆ. ಬ್ರಿಟಿಷ್ ಸರ್ಕಾರಕ್ಕಾಗಿ ನಿಕೊಲಸ್ ಸ್ಟರ್ನ್ ಅವರು 2006ರಲ್ಲಿ ಹವಾಮಾನ ಬದಲಾವಣೆಯ ವರದಿ ಬರೆದಾಗ ಬಳಸಿದ ದರ ಸುಮಾರು ಶೇಕಡಾ 1.4. ಆ ದರದಲ್ಲಿ ಅದೇ ಕೋಟಿ ಇವತ್ತಿಗೆ ಸುಮಾರು 25 ಲಕ್ಷ. ನದಿ ಅದೇ, ನಷ್ಟ ಅದೇ, ಮಕ್ಕಳು ಅವರೇ. ದರ ಒಂದು ಬದಲಾಯಿತು, 726 ಹೋಗಿ 25 ಲಕ್ಷವಾಯಿತು.

ಸ್ಟರ್ನ್ ಅವರ ದರ ತೀರಾ ಕಡಿಮೆ, ಮಾರುಕಟ್ಟೆಯ ದರವೇ ಸರಿ ಅಂತ ಜಗಳಕ್ಕೆ ಬಂದವರು ದೊಡ್ಡ ದೊಡ್ಡ ಅರ್ಥಶಾಸ್ತ್ರಜ್ಞರು. ಅವರ ವಾದವೂ ಹುರುಳಿಲ್ಲದ್ದಲ್ಲ. ಮುಂದಿನವರು ನಮಗಿಂತ ಸಿರಿವಂತರಾಗಿರುತ್ತಾರೆ, ಬಡವರಾದ ನಾವೇಕೆ ಅವರಿಗಾಗಿ ಹೊಟ್ಟೆ ಕಟ್ಟಬೇಕು ಅಂತಾರೆ. ಆದರೆ ಕೇಂಬ್ರಿಜ್‌ನ ಫ್ರಾಂಕ್ ರಾಮ್ಸೆ ಎಂಬ ತರುಣ ಗಣಿತಜ್ಞ 1928ರಲ್ಲೇ ಎತ್ತಿದ ಪ್ರಶ್ನೆಯನ್ನು ತಪ್ಪಿಸಿಕೊಳ್ಳಲಾಗದು. ಬರೀ ತಡವಾಗಿ ಹುಟ್ಟಿದರು ಅನ್ನುವ ಕಾರಣಕ್ಕೆ ಒಬ್ಬರ ಸುಖದುಃಖದ ತೂಕ ಕಡಿಮೆ ಮಾಡುವುದಕ್ಕೆ ನೀತಿಯಲ್ಲಿ ಆಧಾರವಿಲ್ಲ, ಅದು ನಮ್ಮ ಕಲ್ಪನೆಯ ಬಡತನ ಅಂತ ಅವನ ಅಭಿಪ್ರಾಯ. ನಾವು ಬ್ಯಾಂಕಿನವರು ದರವನ್ನು ಸುತ್ತೋಲೆಯಲ್ಲಿ ಓದಿಕೊಂಡು ಹಾಕುತ್ತಿದ್ದೆವು, ಅದೊಂದು ತಾಂತ್ರಿಕ ವಿಷಯ. ತಲೆಮಾರುಗಳ ಲೆಕ್ಕದಲ್ಲಿ ಅದು ತಾಂತ್ರಿಕವಲ್ಲ. ಅದು ಧರ್ಮದ ಪ್ರಶ್ನೆ, ದಶಾಂಶದ ವೇಷ ಹಾಕಿಕೊಂಡು ಬಂದಿರುತ್ತದೆ ಅಷ್ಟೆ.

ನಾಲ್ಕನೆಯದು ಬಡವರ ವಿಷಯ. ಈ ಶಾಸ್ತ್ರದಲ್ಲಿ ಜನರನ್ನೇ ಕೇಳುವ ಒಂದು ವಿಧಾನವಿದೆ. ಈ ಜೌಗು ಉಳಿಯಲು ನೀವು ತಿಂಗಳಿಗೆ ಎಷ್ಟು ಕೊಡಲು ತಯಾರು? ಬಂದ ಉತ್ತರಗಳನ್ನು ಕೂಡಿಸಿದರೆ ಅದರ ಬೆಲೆ. ಪ್ರಶ್ನಾವಳಿ ತಯಾರು ಮಾಡುವುದನ್ನೇ ಒಂದು ಕಲೆಯಾಗಿ ಕಲಿಸುತ್ತಾರೆ. 1989ರಲ್ಲಿ ಅಲಾಸ್ಕಾದಲ್ಲಿ ಎಕ್ಸಾನ್ ವಾಲ್ಡೀಜ್ ಹಡಗಿನ ಎಣ್ಣೆ ಸೋರಿದ ಮೇಲೆ ಈ ವಿಧಾನವನ್ನು ಪರಿಶೀಲಿಸಲು ಕೆನೆತ್ ಆರೋ, ರಾಬರ್ಟ್ ಸೊಲೊ ಅವರಂಥ ನೊಬೆಲ್ ಪಡೆದವರನ್ನೇ ಕೂರಿಸಿದ್ದರು. ಎಚ್ಚರಿಕೆಯಿಂದ ಮಾಡಿದರೆ ಬಳಸಬಹುದು ಅಂತ 1993ರಲ್ಲಿ ಹೇಳಿದರು. ಆದರೆ ನಮ್ಮ ಊರಿಗೆ ತಂದು ನೋಡಿ. ಪಳ್ಳಿಕರಣೈ ಜೌಗಿನ ಪಕ್ಕದ ಐಟಿ ಕಂಪನಿಯ ಉದ್ಯೋಗಿ ಐನೂರು ರೂಪಾಯಿ ಅನ್ನಬಹುದು. ಅದೇ ಅಪಾರ್ಟ್‌ಮೆಂಟಿನಲ್ಲಿ ಪಾತ್ರೆ ತೊಳೆಯುವಾಕೆ ಐದು ಅನ್ನಬಹುದು. ನೀರು ನುಗ್ಗಿದರೆ ಮೊದಲು ಮುಳುಗುವುದು ಆಕೆಯ ಗುಡಿಸಲು. ಕೊಡಲು ಮನಸ್ಸಿಲ್ಲದ್ದು ಬೇರೆ, ಕೊಡಲು ಕೈಯಲ್ಲಿಲ್ಲದ್ದು ಬೇರೆ. ಲೆಕ್ಕದಲ್ಲಿ ಎರಡೂ ಐದೇ ರೂಪಾಯಿ. ಈ ತೊಂದರೆ ಅರ್ಥಶಾಸ್ತ್ರಜ್ಞರಿಗೂ ಗೊತ್ತಿದೆ. ಗೊತ್ತಿದ್ದು ಪಾಠ ಮಾಡುವವರನ್ನು ನಾನು ಗೌರವಿಸುತ್ತೇನೆ. ಗೊತ್ತಿಲ್ಲದೆ ಕೊನೆಯ ಅಂಕಿ ಮಾತ್ರ ಎತ್ತಿಕೊಂಡು ಹೋಗುವ ಆಡಳಿತಗಾರರ ಬಗ್ಗೆ ನನಗೆ ಭಯ.

ಇಷ್ಟೆಲ್ಲ ತೊಡಕಿದ್ದರೂ ನಾನು ಬೆಲೆ ಕಟ್ಟುವುದರ ಪರವೇ. ಅದಕ್ಕೆ ನನ್ನ ಕಸುಬಿನಿಂದಲೇ ಒಂದು ಹೋಲಿಕೆ ಕೊಡುತ್ತೇನೆ. ಬ್ಯಾಂಕಿಗೆ ಹೆಂಗಸರು ಒಡವೆ ತರುತ್ತಾರೆ, ಎಷ್ಟೋ ಸಲ ತಾಳಿಯನ್ನೇ. ಅಕ್ಕಸಾಲಿ ಒರೆಗೆ ಹಚ್ಚಿ, ತೂಕ ಹಾಕಿ, ಅರಗು ಕಲ್ಲು ಕಳೆದು ಒಂದು ಮೊತ್ತ ಬರೆಯುತ್ತಾನೆ. ಆ ಮೊತ್ತ ತಾಳಿಯ ಬೆಲೆಯೇ? ಆಕೆಗೆ ಕೇಳಿ ನೋಡಿ! ಆದರೂ ಆ ಮೊತ್ತ ಬರೆಯಲೇಬೇಕು. ಬರೆದ ಚೀಟಿ ಇದ್ದರೆ ಮಾತ್ರ ಆಕೆಗೆ ರಕ್ಷಣೆ. ಒಡವೆ ಕಳೆದರೆ ಬ್ಯಾಂಕು ಜವಾಬು ಹೇಳಬೇಕು. ಅದೇ ತಾಳಿ, ಅದೇ ತೂಕ, ಅದೇ ಮೊತ್ತ ಸೇಟಿನ ಅಂಗಡಿಯ ಕ್ರಯದ ಚೀಟಿಯಲ್ಲಿ ಬರೆದರೆ ಅರ್ಥವೇ ಬೇರೆ. ಒತ್ತೆಯಲ್ಲಿ ಬರೆದ ಬೆಲೆ, ಮರಳಿ ಕೊಡುವ ಹೊಣೆಯ ಅಳತೆ. ಕ್ರಯದಲ್ಲಿ ಬರೆದ ಬೆಲೆ, ಹೊಣೆ ಮುಗಿಯಿತು ಅನ್ನುವ ರಸೀದಿ.

ನದಿಗೆ, ಕಾಡಿಗೆ, ಕೆರೆಗೆ ಬೆಲೆ ಕಟ್ಟುವುದು ಸರಿಯೋ ತಪ್ಪೋ ಅನ್ನುವುದು ಹಾಗಾಗಿ ಅರ್ಧ ಪ್ರಶ್ನೆ. ಯಾವ ಚೀಟಿಯ ಮೇಲೆ ಬರೆಯುತ್ತೀರಿ ಅನ್ನುವುದು ಉಳಿದರ್ಧ. ಪಾಲಾರ್‌ನ 26.82 ಕೋಟಿಯನ್ನು ಒತ್ತೆಯ ಚೀಟಿ ಅಂತ ಓದಿದರೆ, ದುಡ್ಡು ಕೊಟ್ಟ ಮೇಲೂ ನದಿಯನ್ನು ಸರಿಮಾಡುವ ಕೆಲಸ ಬಾಕಿಯಿದೆ. ಕ್ರಯದ ಚೀಟಿ ಅಂತ ಓದಿದರೆ ಮುಗಿಯಿತು, ಉಪ್ಪುನೀರು ಕಾರ್ಖಾನೆಯ ಸ್ವತ್ತು. 2025ರ ಜನವರಿ 30ರಂದು ಸುಪ್ರೀಂ ಕೋರ್ಟು ಮತ್ತೆ ಇದೇ ಪಾಲಾರ್ ಬಗ್ಗೆ ತೀರ್ಪು ಕೊಟ್ಟಿತು. ಪರಿಹಾರ ಮುಟ್ಟದವರಿಗೆ ಸರ್ಕಾರವೇ ಮೊದಲು ಕೊಟ್ಟು ಆಮೇಲೆ ಮಲಿನ ಮಾಡಿದವರಿಂದ ವಸೂಲು ಮಾಡಲಿ, ಪರಿಹಾರ ಕೊಟ್ಟ ಮಾತ್ರಕ್ಕೆ ಮುಗಿಯದು, ನದಿ ಮೊದಲಿನಂತಾಗುವವರೆಗೆ ಹೊಣೆ ಇದೆ ಎಂಬುದು ಅದರ ಸಾರ. 1991ರ ಅರ್ಜಿಗೆ 2025ರಲ್ಲೂ ಕೆಲಸ ಉಳಿದಿತ್ತು. ಆದರೂ ಕೋರ್ಟು ಓದಿದ್ದು ಒತ್ತೆಯ ಚೀಟಿಯನ್ನೇ.

ಒತ್ತೆಗೂ ಒಂದು ಮಿತಿ ಇದೆ. ಮರಳಿ ಬಿಡಿಸಿಕೊಳ್ಳಲಾಗದ ವಸ್ತುವನ್ನು ಒತ್ತೆ ಇಟ್ಟುಕೊಳ್ಳಬಾರದು. ಕುದುರೆಮುಖವನ್ನು ನೆನೆಯಿರಿ. ತುಂಗೆ, ಭದ್ರೆ, ನೇತ್ರಾವತಿ ಹುಟ್ಟುವ ಬೆಟ್ಟಸಾಲಿನಲ್ಲಿ ಕಬ್ಬಿಣದ ಅದಿರು ತೆಗೆಯುತ್ತಿದ್ದರು. ಅದಿರಿನ ಟನ್ನಿಗೆ ಬೆಲೆ ಇತ್ತು, ಉದ್ಯೋಗಕ್ಕೆ ಲೆಕ್ಕ ಇತ್ತು. ಸುಪ್ರೀಂ ಕೋರ್ಟಿನ 2002ರ ಆದೇಶದಂತೆ 2005ರ ಕೊನೆಗೆ ಗಣಿ ನಿಂತಿತು. ಅಲ್ಲಿ ಗೆದ್ದದ್ದು ದೊಡ್ಡ ಅಂಕಿಯಲ್ಲ, ಒಂದು ಗೆರೆ. ಆಮೇಲೆ 2008ರಲ್ಲಿ ಅದೇ ಕೋರ್ಟು ಕಾಡನ್ನು ಬೇರೆ ಕೆಲಸಕ್ಕೆ ಬಳಸುವವರು ಹೆಕ್ಟೇರಿಗೆ 4.38 ಲಕ್ಷದಿಂದ 10.43 ಲಕ್ಷದವರೆಗೆ ಕಟ್ಟಬೇಕು, ರಾಷ್ಟ್ರೀಯ ಉದ್ಯಾನವಾದರೆ ಹತ್ತು ಪಟ್ಟು ಎಂಬ ದರ ಒಪ್ಪಿತು. ಕಾಡಿನ ಸೊನ್ನೆ ಅಳಿಯಿತು, ಸಂತೋಷ. ಆದರೆ ಹತ್ತು ಪಟ್ಟೂ ಒಂದು ದರವೇ, ಕಟ್ಟುವ ಶಕ್ತಿಯಿರುವವನು ಕಟ್ಟುತ್ತಾನೆ. ನದಿಯ ಹುಟ್ಟಿಗೆ ಪಟ್ಟು ಹಾಕಲು ಬರುವುದಿಲ್ಲ.

ಪಳ್ಳಿಕರಣೈ ಈ ಎರಡರ ನಡುವೆ ನಿಂತಿದೆ. ಚೆನ್ನೈನ ದಕ್ಷಿಣಕ್ಕೆ ಮಳೆಯ ನೀರು ಹೀರಿಕೊಳ್ಳುತ್ತಿದ್ದ ಸ್ಪಂಜು ಅದು. ಅದರ ಮೇಲೆ ರಸ್ತೆ, ಕಟ್ಟಡ ಬಂದವು. ಪೆರುಂಗುಡಿಯ ಕಡೆ ದಶಕಗಳ ಕಾಲ ಊರಿನ ಕಸ ಸುರಿದರು. ಚದರಡಿಯ ಬೆಲೆ ಎಲ್ಲರಿಗೂ ಗೊತ್ತಿತ್ತು, ಸ್ಪಂಜಿನ ಬೆಲೆ 2015ರ ಡಿಸೆಂಬರ್ ಪ್ರವಾಹದಲ್ಲಿ ಗೊತ್ತಾಯಿತು. ನಾಲ್ಕೇ ವರ್ಷಕ್ಕೆ, 2019ರಲ್ಲಿ, ಕೆರೆಗಳೆಲ್ಲ ಒಣಗಿ ಜೋಲಾರ್‌ಪೇಟೆಯಿಂದ ರೈಲಿನಲ್ಲಿ ನೀರು ತರಿಸಬೇಕಾಯಿತು. ಮೊದಲ ರೈಲಿನಲ್ಲಿ ಬಂದದ್ದು 25 ಲಕ್ಷ ಲೀಟರು. ಮುಳುಗುವುದೂ ಬಾಯಾರುವುದೂ ಒಂದೇ ತಪ್ಪಿನ ಎರಡು ಕಂತು. 2022ರಲ್ಲಿ ಉಳಿದ ಸುಮಾರು 1,248 ಹೆಕ್ಟೇರಿಗೆ ರಾಮ್ಸಾರ್ ಪಟ್ಟಿಯಲ್ಲಿ ಜಾಗ ಸಿಕ್ಕಿತು. ಉಳಿದಿದ್ದಕ್ಕೆ ಗೆರೆ, ಹೋದದ್ದಕ್ಕೆ ಲೆಕ್ಕ. ಎರಡೂ ಬೇಕು.

ಲೆಕ್ಕದವರು ಕೊನೆಗೆ ಧರ್ಮದ ಬಾಗಿಲಿಗೆ ಬರುವುದು ನನ್ನೊಬ್ಬನ ಅನುಭವವಲ್ಲ. ಬೆಂಗಳೂರಿನ ಐಸೆಕ್ ಸಂಸ್ಥೆಯಲ್ಲಿ ಕಾಡಿನ ಬಳಕೆಯ ಅರ್ಥಶಾಸ್ತ್ರ ಮಾಡಿದ, ಗುಲಬರ್ಗಾ ವಿಶ್ವವಿದ್ಯಾಲಯದ ಕುಲಪತಿಯೂ ಆಗಿದ್ದ ಎಂ.ವಿ. ನಾಡಕರ್ಣಿಯವರು ಆಮೇಲೆ ನೀತಿಶಾಸ್ತ್ರದ ಪುಸ್ತಕಗಳನ್ನೇ ಬರೆದರು. ನನಗೆ ಇದು ಸಹಜವಾದ ದಾರಿ ಅನ್ನಿಸುತ್ತದೆ. ಲೆಕ್ಕವನ್ನು ಪ್ರಾಮಾಣಿಕವಾಗಿ ಕೊನೆಯವರೆಗೆ ಹಾಕಿದವನಿಗೆ, ಯಾವ ಅಂಕಿ ಬರೆಯಬೇಕು ಅನ್ನುವುದು ಲೆಕ್ಕದಿಂದ ಹುಟ್ಟುವುದಿಲ್ಲ ಅನ್ನುವುದು ಕಾಣುತ್ತದೆ.

ಹೊರನಾಡಿನಲ್ಲಿ ಇಷ್ಟು ವರ್ಷ ಬದುಕಿದವನಿಗೆ ಇನ್ನೊಂದು ವಿಷಯವೂ ಕಾಣುತ್ತದೆ. ಊರಿನಲ್ಲಿರುವ ನೀವು ನದಿಯ ಮೇಲಿನ ಮೆಟ್ಟಿಲಲ್ಲಿ ಇದ್ದೀರಿ, ನಾವು ಕೆಳಗಿನ ಮೆಟ್ಟಿಲಲ್ಲಿ. ಕಾವೇರಿಯ ಟಿಎಂಸಿ ಲೆಕ್ಕ ನಮ್ಮ ಮಕ್ಕಳಿಗೂ ಬಾಯಿಪಾಠ. ಆ ಲೆಕ್ಕದಲ್ಲಿ ಯಾರ ಪಾಲು ಎಷ್ಟು ಅನ್ನುವುದನ್ನು ನಾನಿಲ್ಲಿ ಎತ್ತುವುದಿಲ್ಲ. ಆದರೆ ನಂದಿಬೆಟ್ಟದ ಸಾಲಿನಲ್ಲೇ ಹುಟ್ಟುವ ಇನ್ನೊಂದು ನದಿ ಇದೆ, ದಕ್ಷಿಣ ಪಿನಾಕಿನಿ. ಬೆಳ್ಳಂದೂರು, ವರ್ತೂರು ಕೆರೆಗಳನ್ನು ಹಾದ ಬೆಂಗಳೂರಿನ ಕೊಳಚೆ ಅದನ್ನು ಸೇರಿ, ಹೊಸೂರಿನ ಕೆಲವರಪಲ್ಲಿ ಜಲಾಶಯದಲ್ಲಿ ನೊರೆಯಾಗಿ ಏಳುತ್ತದೆ. ಕೆಳಗೆ ಅದೇ ನೀರಿನಲ್ಲಿ ರೈತರು ಬೇಸಾಯ ಮಾಡುತ್ತಾರೆ. 2018ರಿಂದ ಬೆಂಗಳೂರಿನ ಸಂಸ್ಕರಿಸಿದ ನೀರು ನಮ್ಮ ಕೋಲಾರದ ಕೆರೆಗಳಿಗೂ ಹರಿಯುತ್ತಿದೆ. ಬತ್ತಿದ ಕೆರೆ ತುಂಬಿದ್ದಕ್ಕೆ ಊರಿನವರಿಗೆ ಹಿಗ್ಗು. ಎರಡು ಹಂತದ ಸಂಸ್ಕರಣೆ ಸಾಲದು, ಮೂರನೆಯದೂ ಬೇಕು ಅನ್ನುವ ಬೇಡಿಕೆಯೂ ಅಲ್ಲಿಯವರದೇ. ಮೂರನೆಯ ಹಂತಕ್ಕೆ ಖರ್ಚು ಜಾಸ್ತಿ ಅಂತಾರೆ. ಯಾರ ಲೆಡ್ಜರಿನಲ್ಲಿ ಜಾಸ್ತಿ? ಆ ಹಂತವನ್ನು ಬಿಟ್ಟರೆ ಖರ್ಚು ಇಲ್ಲವಾಗುವುದಿಲ್ಲ, ಅದು ಕೋಲಾರದ ಬಾವಿಯ ಪುಟಕ್ಕೆ ಹೋಗುತ್ತದೆ, ಆಮೇಲೆ ಅದರ ಕೆಳಗಿನ ಪುಟಕ್ಕೆ.

ನದಿ ಒಂದು ರಾಜ್ಯದಿಂದ ಇನ್ನೊಂದಕ್ಕೆ ದಾಟುವಾಗ ಎಷ್ಟು ನೀರು ದಾಟಿತು ಅಂತ ಅಳೆಯಲು ಮಾಪಕಗಳಿವೆ, ಎಂಜಿನಿಯರುಗಳಿದ್ದಾರೆ, ಕೋರ್ಟುಗಳಿವೆ. ನೀರಿನ ಜೊತೆ ಯಾರ ಸಾಲ ದಾಟಿತು ಅಂತ ಬರೆದಿಡುವ ಪುಸ್ತಕ ಇನ್ನೂ ಆಗಬೇಕಾಗಿದೆ. ಅದನ್ನು ಬರೆಯಲು ಕಲಿಸುವ ವಿದ್ಯೆ ಕೊಟ್ಟೂರಿನಲ್ಲೂ ಇದೆ, ಬೆಂಗಳೂರಿನಲ್ಲೂ ಇದೆ. ಮೊದಲ ಪುಟ ಮೇಲಿನ ಮೆಟ್ಟಿಲಿನವರು ಬರೆದರೆ ಚೆನ್ನ. ನೀರು ಆ ಕಡೆಯಿಂದಲೇ ಬರುವುದಲ್ಲವೇ?